ನೀರಿನ ಕೆಳಗಿನ ಮೆಟ್ಟಿಲು

ಭಾನುವಾರ ಅಬಿಡ್ಸಿನ ಬಹಳಷ್ಟು ಅಂಗಡಿಗಳು ಬಾಗಿಲು ಹಾಕಿರುತ್ತವೆ. ಮುಚ್ಚಿದ ಶಟರುಗಳ ಮುಂದೆ, ಫುಟ್‌ಪಾತಿನ ಉದ್ದಕ್ಕೂ ಹಳೇ ಪುಸ್ತಕದವರು ಹಾಸಿಕೊಂಡು ಕೂತಿರುತ್ತಾರೆ. ಈ ಊರಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಹಬ್ಬಕ್ಕೆ ಊರಿಗೆ ಹೋಗುವುದನ್ನು ತಪ್ಪಿಸಿದ್ದೇನೆ, ಈ ಭಾನುವಾರದ ಸುತ್ತಾಟ ತಪ್ಪಿಸಿದ್ದು ಕಡಿಮೆ. ಹಾಗೆ ಒಂದು ಸಲ, ಪರೀಕ್ಷೆ ಗೈಡುಗಳ ರಾಶಿಯ ಕೆಳಗೆ ಒಂದು ಹಳೆಯ ಸರ್ವೆ ನಕಾಶೆ ಸಿಕ್ಕಿತು. ಅಂಗುಲಕ್ಕೆ ಒಂದು ಮೈಲಿ ಲೆಕ್ಕದ್ದು. ಮಡಿಸಿದ ಕಡೆಯೆಲ್ಲ ಹರಿದಿತ್ತು. ಮೂವತ್ತು ರೂಪಾಯಿ ಕೊಟ್ಟು ತಂದೆ.

ಮನೆಗೆ ಬಂದು ಬಿಚ್ಚಿದರೆ ಅದರಲ್ಲಿ ಕೃಷ್ಣೆ ಇದ್ದಳು. ತುಂಗಭದ್ರೆಯನ್ನು ಕೂಡಿಸಿಕೊಂಡು ನಲ್ಲಮಲ ಬೆಟ್ಟಗಳ ಕಡೆ ತಿರುಗುವ ಜಾಗ. ನದಿಯೆಂದರೆ ಒಂದು ಸಣ್ಣ ನೀಲಿ ಪಟ್ಟಿ, ಅಷ್ಟೆ. ಎರಡೂ ದಂಡೆಗೆ ಊರು, ತೋಪು, ಬಾವಿ, ಗುಡಿ. ಇವತ್ತಿನ ನಕಾಶೆ ಪಕ್ಕದಲ್ಲಿಟ್ಟು ನೋಡಿದೆ. ಆ ಊರುಗಳಿದ್ದ ಕಡೆಯೆಲ್ಲ ನೀಲಿ ಬಳಿದಂತಿದೆ. ಅದು ಶ್ರೀಶೈಲ ಅಣೆಕಟ್ಟಿನ ಹಿನ್ನೀರು.

ಅಲ್ಲಿಯವರೆಗೆ ಶ್ರೀಶೈಲ ಅಂದರೆ ನನಗೆ ಒಂದು ಕೊಳ್ಳ, ಒಂದು ಬೈಕ್ ದಾರಿ. ಹೈದರಾಬಾದಿನಿಂದ ಸುಮಾರು 210 ಕಿಲೋಮೀಟರು. ಮನ್ನನೂರು ದಾಟಿದರೆ ಹುಲಿ ಕಾಡು; ರಾತ್ರಿ ಗೇಟು ಹಾಕುತ್ತಾರೆ, ಆದ್ದರಿಂದ ಬೆಳಗಾಗುತ್ತಲೇ ಅಲ್ಲಿರಬೇಕು. ಗಂಟೆಗಟ್ಟಲೆ ಕಾಡಿನಲ್ಲಿ ಹೋದಮೇಲೆ ರಸ್ತೆ ತಟ್ಟನೆ ಕೆಳಗೆ ಹೊರಳುತ್ತದೆ. ತಿರುವಿನ ಮೇಲೆ ತಿರುವು. ಎದುರಿಗೆ ಪದರು ಪದರಾದ ಕಲ್ಲಿನ ಗೋಡೆ, ಅದರ ಬುಡದಲ್ಲಿ ನದಿ. ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆದರೆ ಕಿವಿಯಲ್ಲಿ ಬರೀ ಗಾಳಿ. ಅಬಿಡ್ಸಿನ ಹಾರನ್ನುಗಳಲ್ಲಿ ವಾರವೆಲ್ಲ ಬೆಂದವನಿಗೆ ಅದೊಂದು ಔಷಧಿ. ಸ್ನೇಹಿತರನ್ನೆಲ್ಲ ಒಬ್ಬೊಬ್ಬರಾಗಿ ಹಿಂದೆ ಕೂರಿಸಿಕೊಂಡು ಹೋಗಿ ತೋರಿಸಿದ್ದೇನೆ.

ನಮ್ಮ ಕಡೆಯವರಿಗೆ ಈ ಕೊಳ್ಳ ಹೊಸದಲ್ಲ. ಬಾಗಲಕೋಟೆ, ವಿಜಾಪುರ, ಬೆಳಗಾವಿ ಕಡೆಯಿಂದ ಯುಗಾದಿಗೆ ಸಾವಿರಾರು ಜನ ಇಂದಿಗೂ ಮಲ್ಲಯ್ಯನ ಹತ್ತಿರ ನಡೆದುಕೊಂಡು ಬರುತ್ತಾರೆ. ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಅಣೆಕಟ್ಟು ಆಗುವುದಕ್ಕೆ ಮೊದಲೇ ಹಾಗೆ ಹೋಗಿಬಂದವಳು. ಭೀಮನ ಕೊಳ್ಳ ಇಳಿದು ಹತ್ತುವಾಗ ಕಾಲು ನಡುಗಿದ್ದು, ಮೇಲೆ ಕೈಲಾಸ ಬಾಗಿಲು ಕಂಡಾಗ ಅತ್ತದ್ದು, ಕೊನೆಗೆ ಪಾತಾಳಗಂಗೆಗೆ ಮೆಟ್ಟಿಲು ಇಳಿದದ್ದು, ಇವನ್ನು ಪ್ರತಿ ಯುಗಾದಿಗೆ ಹೇಳುತ್ತಿದ್ದಳು. "ಇಳದಷ್ಟೂ ಇಳೀತಾವೊ ಮಗಾ, ಖರೇನ ಪಾತಾಳ ಅದು" ಅನ್ನುವಳು. ನಾನು ಮೊದಲ ಸಲ ಹೋದಾಗ ಆ ಪಾತಾಳ ನನಗೆ ಸಿಗಲಿಲ್ಲ. ಮೆಟ್ಟಿಲು ಬೇಗ ಮುಗಿದವು, ನೀರು ಬಂತು. ಮುದುಕಿ ಸ್ವಲ್ಪ ಹೆಚ್ಚು ಹೇಳಿದ್ದಾಳೆ ಅಂದುಕೊಂಡೆ.

ಅವಳು ಹೆಚ್ಚು ಹೇಳಿರಲಿಲ್ಲ. ಮೆಟ್ಟಿಲುಗಳು ನೀರಿನ ಕೆಳಗೆ ಇನ್ನೂ ಇಳಿಯುತ್ತವೆ. ನಕಾಶೆ ಸಿಕ್ಕಮೇಲೆ ಹೋದಾಗ ಚಹಾದವನನ್ನು ಕೇಳಿದೆ, ಹಳೇ ಮೆಟ್ಟಿಲು ಎಲ್ಲಿಯವರೆಗೆ ಇವೆ ಅಂತ. "ನೀಳ್ಳು ತಗ್ಗಿತೆ ಕನಪಡತಾಯಿ" ಅಂದ. ನೀರು ಇಳಿದರೆ ಕಾಣುತ್ತವಂತೆ.

ಇಂಥ ಕೊಳ್ಳದಲ್ಲಿ ಒಂದು ವಿಚಿತ್ರ ಇದೆ. ನಡೆಯುವವನಿಗೆ ಯಾವುದು ಚೆಲುವೋ ಅದೇ ಎಂಜಿನಿಯರನಿಗೂ ಚೆಲುವು. ಗಟ್ಟಿ ಕಲ್ಲು, ಎತ್ತರದ ಗೋಡೆ, ನಡುವೆ ಇಕ್ಕಟ್ಟಾದ ನದಿ. ಶ್ರೀಶೈಲದ ಅಣೆಕಟ್ಟಿನ ಉದ್ದ ಬರೀ 512 ಮೀಟರು, ಎತ್ತರ 145 ಮೀಟರು. ಇಕ್ಕಟ್ಟಿನಲ್ಲಿ ಒಂದು ಗೋಡೆ ಎಬ್ಬಿಸಿದರೆ ನೀರು ಕೊಳ್ಳ ತುಂಬಿ, ಹಿಂದಕ್ಕೆ ಸರಿದು, ಬಯಲಿಗೆ ಹರಡುತ್ತದೆ. ಹಾಗಾಗಿ ಮುಳುಗಿದ್ದು ಕೊಳ್ಳವೊಂದೇ ಅಲ್ಲ. ಮೇಲಿನ ಬಯಲಿನಲ್ಲಿ ಸುಮಾರು ನೂರು ಹಳ್ಳಿಗಳು ಹೋದವು, ಲಕ್ಷದಷ್ಟು ಜನ ಎದ್ದರು. 1981ರಲ್ಲಿ ಬಹಳ ಮನೆಗಳನ್ನು ಜನ ಇರುವಾಗಲೇ ಕೆಡವಿಸಿ ಖಾಲಿ ಮಾಡಿಸಿದರು. ನನ್ನ ನಕಾಶೆಯಲ್ಲಿದ್ದ ಸಂಗಮೇಶ್ವರದ ಗುಡಿ ಈಗ ಮಳೆಗಾಲದಲ್ಲಿ ಮುಳುಗಿ, ಬೇಸಗೆಯಲ್ಲಿ ನೀರು ತಗ್ಗಿದಾಗ ಎದ್ದು ಬರುತ್ತದೆ.

ಇದು ನನಗೆ ಯಾಕೆ ಚುಚ್ಚಬೇಕು? ಚುಚ್ಚಲು ಕಾರಣವಿದೆ. ನಮ್ಮೂರೂ ನೀರಿನಲ್ಲಿದೆ. ಘಟಪ್ರಭೆಯ ದಂಡೆಯಲ್ಲಿತ್ತು, ಆಲಮಟ್ಟಿಯ ಹಿನ್ನೀರಿಗೆ ಹೋಯಿತು. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿದಾಗ ರಾಜ್ಯದಲ್ಲಿ ಸಂತೋಷಪಟ್ಟವರು ಬಹಳ. ನಮ್ಮ ಮನೆಯಲ್ಲಿ ಆ ದಿನ ಒಲೆ ಹೊತ್ತಿಸಲಿಲ್ಲ. ಈಗ ಆಲಮಟ್ಟಿಯಲ್ಲಿ ಉದ್ಯಾನವಿದೆ, ಸಂಗೀತಕ್ಕೆ ಕುಣಿಯುವ ಕಾರಂಜಿ ಇದೆ. ಒಂದು ರಜೆಯಲ್ಲಿ ಮಕ್ಕಳು ಹಟ ಮಾಡಿದರು ಅಂತ ಅಪ್ಪನನ್ನೂ ಕರೆದೆ. "ಏನ ನೋಡಾಕ ಹೊಂಟೀರಿ? ಅದರಾಗ ನಮ್ಮ ಮನಿ ಐತೊ" ಅಂದ. ಬರಲಿಲ್ಲ. ಅಲ್ಲಿ ಫೋಟೋ ತೆಗೆಸಿಕೊಳ್ಳುವವರನ್ನು ಕಂಡು ನನಗೂ ಸಿಟ್ಟು ಬಂತು. ಅದೇ ನಾನು ಶ್ರೀಶೈಲದ ತಿರುವಿನಲ್ಲಿ ಬೈಕ್ ನಿಲ್ಲಿಸಿ, ಇನ್ನೊಬ್ಬರ ಅಪ್ಪನ ಮನೆ ಮುಳುಗಿಸಿದ ನೀರಿನ ಮುಂದೆ ವರ್ಷಗಟ್ಟಲೆ ಫೋಟೋ ತೆಗೆದಿದ್ದೆ.

ಹಾಗಾದರೆ ಇನ್ನೊಬ್ಬರ ನಷ್ಟದಿಂದ ಆದ ಚೆಲುವನ್ನು ನೋಡಿ ಸಂತೋಷಪಡಬಹುದೇ?

ನೋಡಿದರೆ ನೀರೇನು ಹೆಚ್ಚುವುದಿಲ್ಲ, ನೋಡದಿದ್ದರೆ ಇಳಿಯುವುದೂ ಇಲ್ಲ ಅನ್ನಬಹುದು. ನಿಜ. ಆದರೆ ಆಲಮಟ್ಟಿಯಲ್ಲಿ ನನಗೆ ಸಿಟ್ಟು ಬಂದದ್ದು ಆ ಜನ ನಮ್ಮ ಮನೆಗೆ ಹೊಸದಾಗಿ ಏನೋ ಹಾನಿ ಮಾಡಿದರು ಅಂತಲ್ಲ. ಅಲ್ಲಿ ಒಂದು ಊರಿತ್ತು ಅನ್ನುವುದು ಅವರಿಗೆ ಬೇಕಾಗಿರಲಿಲ್ಲ ಅಂತ. ಇನ್ನೊಂದು ದಾರಿ, ಹೋಗುವುದನ್ನೇ ಬಿಡುವುದು. ಕೆಲವು ತಿಂಗಳು ಬಿಟ್ಟೆ ಕೂಡ. ಆಮೇಲೆ ಒಂದು ಬೆಳಿಗ್ಗೆ ಅಬಿಡ್ಸಿನ ಮನೆಯಲ್ಲಿ ನಲ್ಲಿ ತಿರುಗಿಸುವಾಗ ನಗು ಬಂತು. 2004ರಿಂದ ಈ ನಗರಕ್ಕೆ ಕೃಷ್ಣೆಯ ನೀರು ಬರುತ್ತಿದೆ, ಶ್ರೀಶೈಲದ ಕೆಳಗಿನ ನಾಗಾರ್ಜುನ ಸಾಗರದಿಂದ. ಆ ಊರುಗಳ ಮೇಲೆ ಹಾದು ಬಂದ ನೀರನ್ನು ದಿನಾ ಕುಡಿಯುತ್ತೇನೆ, ನೋಡಲು ಮಾತ್ರ ಒಲ್ಲೆ ಅನ್ನುತ್ತೇನೆ! ಕುಡಿಯುವುದಕ್ಕಿಂತ ನೋಡುವುದು ದೊಡ್ಡ ಪಾಪವೇ? ಹೋಗದೆ ಇರುವುದು ಅಪ್ಪನಿಗೆ ಸಲ್ಲುತ್ತದೆ, ಅವನು ಕಳೆದುಕೊಂಡವನು. ಶ್ರೀಶೈಲದಲ್ಲಿ ನಾನು ಕಳೆದುಕೊಂಡದ್ದೇನೂ ಇಲ್ಲ. ನಾನು ಅವನ ಹಾಗೆ ಮುಖ ತಿರುಗಿಸಿದರೆ ಅದು ದುಃಖವಲ್ಲ, ಬರೀ ಅನುಕೂಲ.

ಆಫೀಸಿನಲ್ಲಿ ಮೊದಮೊದಲು ನನ್ನನ್ನು 'ಆಲಮಟ್ಟಿ' ಅಂತಲೇ ಕರೆಯುತ್ತಿದ್ದರು. ನೀವು ನಮ್ಮ ನೀರು ಹಿಡಿದಿಟ್ಟುಕೊಂಡಿರಿ ಅಂತ ತಮಾಷೆ. ನಾನೂ ಜೋರಾಗಿ ಲೆಕ್ಕ ಒಪ್ಪಿಸುತ್ತಿದ್ದೆ. ಅವರ ನೀರು, ನಮ್ಮ ನೀರು ಅನ್ನುವ ಆ ವಾದದಲ್ಲಿ ಅವರ ನೂರು ಹಳ್ಳಿಯೂ ಬರಲಿಲ್ಲ, ನಮ್ಮೂರೂ ಬರಲಿಲ್ಲ. ಮುಳುಗಿದವರು ಎರಡೂ ಕಡೆ ಒಂದೇ ಥರ ಇದ್ದರು ಅನ್ನುವುದು ಪರಊರಿಗೆ ಬಂದು, ಪರರ ಹಿನ್ನೀರಿನ ಮುಂದೆ ನಿಂತಮೇಲೆ ನನಗೆ ಹೊಳೆಯಿತು. ಊರಲ್ಲೇ ಇದ್ದಿದ್ದರೆ ಹೊಳೆಯುತ್ತಿತ್ತೋ ಇಲ್ಲವೋ.

ಈಗ ಮತ್ತೆ ಹೋಗುತ್ತೇನೆ. ಬೈಕ್ ಮೇಲೆ ಬಿಟ್ಟು, ರೋಪ್‌ವೇ ಹತ್ತದೆ, ಪಾತಾಳಗಂಗೆಗೆ ಮೆಟ್ಟಿಲು ಇಳಿಯುತ್ತೇನೆ. ಕೊಳ್ಳ ಈಗಲೂ ಚೆಂದವೇ, ಅದನ್ನು ಸುಳ್ಳು ಹೇಳಲಾರೆ. ನೀರು ಮುಟ್ಟುವ ಮೆಟ್ಟಿಲ ಮೇಲೆ ಕೂತು ನಕಾಶೆಯ ಊರಿನ ಹೆಸರುಗಳನ್ನು ಒಂದು ಸಲ ಓದುತ್ತೇನೆ. ಅದರಿಂದ ಯಾರಿಗೂ ಮನೆ ವಾಪಸು ಬರುವುದಿಲ್ಲ. ಸಂತೋಷಪಡುವವನಿಗೆ ಅದು ಯಾವುದರ ಮೇಲೆ ನಿಂತಿದೆ ಅಂತ ಗೊತ್ತಿರಬೇಕು. ಅಷ್ಟರಮಟ್ಟಿಗಿನ ಬಾಕಿ ಅದು.

ಹೋದ ದೀಪಾವಳಿಗೆ ಊರಿಗೆ, ಅಂದರೆ ಪುನರ್ವಸತಿಯ ಮನೆಗೆ, ಹೋದಾಗ ಅಪ್ಪನಿಗೆ ಆ ನಕಾಶೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದ. ಬಾವಿಗೆ ಯಾವ ಗುರುತು, ಗುಡಿಗೆ ಯಾವ ಗುರುತು ಅಂತ ಕೇಳಿದ. ಮಡಿಸಿ ಕೈಗೆ ಕೊಡುವಾಗ ಅಂದ: "ನಮ್ಮೂರಿಂದೂ ಇಂಥಾದ್ದೊಂದು ಸಿಗತೈತೇನು, ನೋಡು ಅಲ್ಲಿ."

ಪ್ರತಿ ಭಾನುವಾರ ನೋಡುತ್ತಿದ್ದೇನೆ. ಇನ್ನೂ ಸಿಕ್ಕಿಲ್ಲ.