ಹಾಸಿಗೆ ಹಿಡಿದ ಸಭಾಪಾಲಕನ ನಿವೇದನೆ

ಕರ್ತನೇ, ನನ್ನ ಎದೆಯೊಳಗೆ ಕ್ಷಯ ಸೇರಿಕೊಂಡಿರುವುದು ನಿನಗೆ ಹೊಸ ಸುದ್ದಿಯೇನಲ್ಲ. ಕಫ ಪರೀಕ್ಷೆಯ ವರದಿ ನನ್ನ ಕೈಗೆ ಬರುವ ಮೊದಲೇ ನಿನ್ನ ಮುಂದಿತ್ತು. ಅಯ್ಯನವರನ್ನು ಗುಣಪಡಿಸು ಎಂದು ಮಂಗಳೂರಿನ ಈ ಸಭೆಯವರು ದಿನವೂ ಬೇಡುತ್ತಿದ್ದಾರೆ. ಆ ಬೇಡಿಕೆಯನ್ನು ಅವರಿಗೇ ಬಿಟ್ಟು, ನಾನು ಬಿಡುವಿನ ವಿಷಯ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ಸ್ತೋತ್ರ. ಬರಿಹೊಟ್ಟೆಗೆ ನುಂಗುವ ಈ ಮಾತ್ರೆಗಳಿಗಾಗಿ ಸ್ತೋತ್ರ. ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲಿನ ನಾಲ್ಕು ತಿಂಗಳು ಮೂರು. ಅವುಗಳಲ್ಲಿ ರಿಫಾಂಪಿಸಿನ್ ಎಂಬುದು ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ, ಕಣ್ಣೀರನ್ನೂ ಬಿಡುವುದಿಲ್ಲ. ದಾವೀದನ ಹಾಗೆ ಹಾಸಿಗೆ ತೋಯುವಷ್ಟು ಅತ್ತರೆ ದಿಂಬಿನ ಚೀಲ ಒಗೆಯುವವಳು ನನ್ನ ಹೆಂಡತಿ. ಅವಳ ಮೇಲಿನ ಕರುಣೆಯಿಂದಾದರೂ ಅಳು ಹಿಡಿತದಲ್ಲಿದೆ. 1882ರಲ್ಲಿ ರಾಬರ್ಟ್ ಕಾಕ್ ಈ ರೋಗಾಣುವನ್ನು ಹಿಡಿದು ತೋರಿಸಿದ. ಕೊಲ್ಲುವ ಮದ್ದು ಸಿಗಲು ಮತ್ತೆ ಅರವತ್ತು ವರ್ಷ ಹಿಡಿಯಿತು. ಅಷ್ಟು ಕಾಲವೂ ರೋಗಿಗಳ ಪಾಲಿಗಿದ್ದದ್ದು ಹಾಸಿಗೆ, ಹಾಲು, ಮೊಟ್ಟೆ, ಒಳ್ಳೆಯ ಗಾಳಿ. ದಕ್ಷಿಣ ಭಾರತದ ಮಿಶನ್‌ಗಳು ಕೂಡಿ ಮದನಪಲ್ಲಿಯ ಬಳಿ ಆರೋಗ್ಯವರಂ ಸ್ಯಾನಿಟೋರಿಯಂ ಕಟ್ಟಿ 1915ರಲ್ಲಿ ತೆರೆದದ್ದೂ ಇದಕ್ಕೇ. ಅಲ್ಲಿ ಮಲಗುವುದೇ ಚಿಕಿತ್ಸೆ.

ಆಮೇಲೆ ಮದ್ರಾಸಿನ ವೈದ್ಯರು ಆ ನಂಬಿಕೆಯನ್ನೇ ಅಲುಗಾಡಿಸಿಬಿಟ್ಟರು. 1956ರಲ್ಲಿ ಶುರುವಾದ ಅಲ್ಲಿನ ಕ್ಷಯ ಚಿಕಿತ್ಸಾ ಕೇಂದ್ರದವರು ಬಡ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಿಟೋರಿಯಂನಲ್ಲಿ ಮಲಗಿಸಿದರು. ಇನ್ನೊಂದು ಪಾಲಿಗೆ ಅದೇ ಮಾತ್ರೆ ಕೊಟ್ಟು ಅವರವರ ಇಕ್ಕಟ್ಟಿನ ಮನೆಗಳಲ್ಲೇ ಉಳಿಸಿದರು. ಮನೆಯಲ್ಲಿದ್ದವರಿಗೆ ಊಟವೂ ಕಡಿಮೆ, ಬಿಡುವೂ ಕಡಿಮೆ. ವರ್ಷ ತುಂಬಿದಾಗ ಎರಡೂ ಪಾಲಿನವರು ಹೆಚ್ಚುಕಡಿಮೆ ಒಂದೇ ಸಮನೆ ಗುಣವಾಗಿದ್ದರು. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಲೋಕದ ಕ್ಷಯ ಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ತಂದೆಯೇ, ನನ್ನ ತೊಡಕು ಇಲ್ಲೇ ಇದೆ. ಗುಣಪಡಿಸುವುದು ಮಾತ್ರೆ ಎಂದಾದರೆ ನಾನು ಮಲಗಿರುವುದು ಯಾವ ಲೆಕ್ಕಕ್ಕೆ?

ಜ್ವರ ಇಳಿದಿದೆ. ಇನ್ನು ಯಾರಿಗೂ ಹರಡುವುದಿಲ್ಲ, ಪ್ರಭು ಭೋಜನದ ಪಾತ್ರೆ ಎತ್ತಬಹುದು ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಪ್ರಸಂಗಪೀಠದ ಮೆಟ್ಟಿಲು ನೆನೆದರೇ ಕಾಲು ನಡುಗುತ್ತದೆ. ನೋಡಲು ಬಂದ ಒಬ್ಬರು, "ವಿಶ್ವಾಸ ಇದ್ದವರಿಗೆ ಮಾತ್ರೆ ಯಾಕೆ, ಅಯ್ಯನವರೇ?" ಎಂದರು. ಪೌಲನ ಮೈಮೇಲಿನ ಬಟ್ಟೆ ತಗುಲಿ ರೋಗಿಗಳು ಎದ್ದರು. ಅದೇ ಪೌಲ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಹೋದ. ತಿಮೊಥೆಗೆ ಬರೆದ ಎರಡನೆಯ ಪತ್ರದಲ್ಲಿ ಅದಕ್ಕೆ ಅರ್ಧ ಸಾಲು, ಅಷ್ಟೆ. ಕಾರಣವಿಲ್ಲ, ವಿಶ್ವಾಸ ಸಾಲದು ಎಂಬ ದೂರಿಲ್ಲ. ನಾವು ಪಾದ್ರಿಗಳು ಆ ಸಾಲನ್ನು ಪ್ರಸಂಗಕ್ಕೆ ಆರಿಸುವುದೇ ಅಪರೂಪ.

ಎಲೀಯ ಜಾಲಿಗಿಡದ ಕೆಳಗೆ ಬಿದ್ದುಕೊಂಡು ಸಾವು ಬೇಡಿದಾಗ ನೀನು ಏನೂ ವಿಚಾರಿಸಲಿಲ್ಲ. ನಿದ್ದೆ ಮಾಡಲು ಬಿಟ್ಟೆ. ದೂತನ ಕೈಯಲ್ಲಿ ರೊಟ್ಟಿ, ನೀರು ಕಳಿಸಿದೆ. ತಿಂದವನು ಮತ್ತೆ ಮಲಗಿದ, ಅದಕ್ಕೂ ಸುಮ್ಮನಿದ್ದೆ. ಇಲ್ಲೇನು ಮಾಡುತ್ತಿದ್ದೀ ಎಂದು ಕೇಳಿದ್ದು ಅವನು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಏಳನೆಯ ದಿನ ನೀನೇ ವಿಶ್ರಮಿಸಿಕೊಂಡಾಗ ನಿನಗೆ ಯಾವ ಕಾಯಿಲೆಯೂ ಇರಲಿಲ್ಲವಲ್ಲ! ಹಾಗಾದರೆ ಬಿಡುವು ಮದ್ದಾಗಬೇಕೆಂದೇನಿಲ್ಲ. ರೋಗಾಣುವನ್ನು ಅದು ಕೊಲ್ಲದಿದ್ದರೂ ನೀನು ಮನುಷ್ಯನಿಗೆ ಅದನ್ನು ಕೊಟ್ಟಿದ್ದೀ, ನಾನು ನಾಚಿಕೆಪಡದೆ ತೆಗೆದುಕೊಳ್ಳುತ್ತೇನೆ.

ಆದರೆ ಸ್ವಾಮೀ, ನಿನ್ನ ನಾಲ್ಕನೆಯ ಆಜ್ಞೆಯಲ್ಲಿ ದಾಸದಾಸಿಯರ ಹೆಸರಿದೆ, ಎತ್ತು ಕತ್ತೆಗಳ ಹೆಸರೂ ಇದೆ. ಮಾತ್ರೆ ಕೊಡುವಲ್ಲಿ ನನ್ನ ಜೊತೆ ಸಾಲಿನಲ್ಲಿ ನಿಲ್ಲುವ ಒಬ್ಬ ಹೆಂಗಸು ಬೀಡಿ ಕಟ್ಟುತ್ತಾರೆ. ಸರ್ಕಾರ ಅವರಿಗೆ ಔಷಧವನ್ನು ಪುಕ್ಕಟೆ ಕೊಡುತ್ತದೆ. ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಹಾಕುತ್ತಿದ್ದದ್ದನ್ನು 2024ರ ನವೆಂಬರಿನಿಂದ 1,000 ಮಾಡಿದೆ. ಒಳ್ಳೆಯದೇ. ಬಿಡುವನ್ನು ಮಾತ್ರ ಯಾರೂ ಕೊಟ್ಟಿಲ್ಲ. ಬೀಡಿಯ ಕೂಲಿ ಸಾವಿರದ ಲೆಕ್ಕದಲ್ಲಿ, ಕಟ್ಟದ ದಿನ ಕಾಸಿಲ್ಲ. ಮದ್ರಾಸಿನ ಆ ಮನೆಗಳವರಂತೆ ಅವರೂ ದುಡಿಯುತ್ತಲೇ ಗುಣವಾಗಬಹುದು. ನನಗೋ, ಸಂಬಳ ನಿಂತಿಲ್ಲ. ಕಪೆರ್ನೌಮಿನಲ್ಲಿ ಮಾಳಿಗೆ ಬಿಚ್ಚಿ ರೋಗಿಯನ್ನು ಇಳಿಸಿದ ನಾಲ್ವರಂತೆ ಸಭೆ ನನ್ನನ್ನು ಹೊತ್ತಿದೆ.

ಈ ವಾರ ಕಮಿಟಿ ಕೂಡುತ್ತದೆ. ನನ್ನ ಆರೈಕೆಗೆಂದು ಎತ್ತಿದ ಹಣದಲ್ಲಿ ಉಳಿದದ್ದು ಆ ಹೆಂಗಸಿನ ಎರಡು ತಿಂಗಳ ಕೂಲಿಗೆ ಹೋಗಲಿ ಎಂದು ಚೀಟಿ ಬರೆದು ಕಳಿಸಿದ್ದೇನೆ. ಅವರು ನಮ್ಮ ಸಭೆಯವರಲ್ಲ ಎಂದು ಯಾರಾದರೂ ಎದ್ದು ಹೇಳುವುದು ಖಂಡಿತ. ಹೇಳಿದವರ ಮನಸ್ಸನ್ನು ಅಲ್ಲೇ, ಸಭೆ ಮುಗಿಯುವುದರೊಳಗೆ ತಿರುಗಿಸು. ಆಮೆನ್.