ಪಂದ್ಯದ ಕೀರ್ತಿಯು ಯಾರಿಗೆ ಸಲ್ಲತಕ್ಕದ್ದು?

ಕಳೆದ ವರುಷ ತಾಲ್ಲೂಕಿನ ಕ್ರೀಡಾಕೂಟದಲ್ಲಿ ನಮ್ಮ ಗ್ರಾಮಸಭೆಯ ಇಬ್ಬರು ಹುಡುಗರು ಒಂದೇ ಓಟದಲ್ಲಿ ಓಡಿದರು. ಇಬ್ಬರೂ ತಲಕಾಡಿನ ಬಳಿ ಕಾವೇರಿಯ ಮರಳಿನಲ್ಲಿ ದಿನಾ ಮುಂಜಾನೆ ಓಡಿ ಕಾಲು ಗಟ್ಟಿಮಾಡಿಕೊಂಡವರು. ಆ ಮರಳಿನಲ್ಲಿ ಓಡಿದವನಿಗೆ ಗಟ್ಟಿನೆಲದ ಓಟವು ಹಗುರವೆಂಬದು ಈ ಸೀಮೆಯವರಿಗೆ ಹೇಳಬೇಕಾದದ್ದಲ್ಲ. ಒಬ್ಬನು ಮೊದಲನೆಯವನಾದನು, ಇನ್ನೊಬ್ಬನು ನಾಲ್ಕನೆಯವನಾದನು. ಮುಂದಿನ ಕರ್ತನ ದಿನದಲ್ಲಿ ಗೆದ್ದವನ ತಂದೆಯು ಸ್ತೋತ್ರಕಾಣಿಕೆಯನ್ನು ತಂದನು. ನಾವು ಪದಕವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಈ ಜಯದ ಮಹಿಮೆಯೆಲ್ಲಾ ದೇವರಿಗೆ ಸಲ್ಲಲಿ ಎಂದೆವು. ಸಭೆಯು ಆಮೆನ್ ಎಂದಿತು. ಆರಾಧನೆ ಮುಗಿದ ಮೇಲೆ ಸೋತ ಹುಡುಗನು ಚಾಪೆಗಳನ್ನು ಸುತ್ತಿಡುತ್ತಾ ನಮ್ಮನ್ನು ಕೇಳಿದ್ದೇನಂದರೆ, “ಅಯ್ಯನವರೇ, ಅವನು ಗೆದ್ದದ್ದು ದೇವರ ಮಹಿಮೆಗಾದರೆ ನಾನು ಸೋತದ್ದು ಯಾರ ಮಹಿಮೆಗೆ?”

ದೇವರ ಚಿತ್ತವು ಗೂಢವಾದದ್ದು ಎಂದು ಏನೋ ಹೇಳಿ ನಾವು ದೇವಾಲಯದ ಬಾಗಿಲಿಗೆ ಬೀಗ ಹಾಕಿದೆವು. ಅದು ಉತ್ತರವಲ್ಲ, ತಪ್ಪಿಸಿಕೊಂಡ ಬಗೆ. ಸೆಮಿನರಿಯಲ್ಲಿ ಓದಿದವನು ಹದಿನಾರು ವರುಷದ ಹುಡುಗನ ಮುಂದೆ ನಾಚಬೇಕಾಯಿತು. ಆದಕಾರಣ ಈ ಬರಹವು ಅವನಿಗೆ ತಡವಾಗಿ ತೀರಿಸುವ ಸಾಲವೆಂದು ವಾಚಕರು ತಿಳಿಯಲಿ.

ಆಟಪಾಟಗಳು ಲೋಕದವರ ಕೆಲಸ, ವಿಶ್ವಾಸಿಗಳಿಗೆ ಸಲ್ಲವು ಎನ್ನುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ನಾವು ಅವರ ಪಕ್ಷದವರಲ್ಲ. ಪೌಲನು ಕೊರಿಂಥದ ಸಭೆಗೆ ಬರೆಯುವಾಗ ಓಟಗಾರನನ್ನೂ ಮುಷ್ಟಿಕಾಳಗದವನನ್ನೂ ದೃಷ್ಟಾಂತವಾಗಿ ತೆಗೆದುಕೊಂಡನು. ಆ ಪಟ್ಟಣದ ಸಮೀಪದಲ್ಲಿಯೇ ಎರಡು ವರುಷಕ್ಕೊಮ್ಮೆ ದೊಡ್ಡ ಪಂದ್ಯಗಳು ನಡೆಯುತ್ತಿದ್ದವು. ಗೆದ್ದವನ ತಲೆಗೆ ಇಡುತ್ತಿದ್ದದ್ದು ಎಲೆಯ ಕಿರೀಟ, ನಾಲ್ಕು ದಿನಕ್ಕೆ ಬಾಡುವಂಥಾದ್ದು. ಅಪೊಸ್ತಲನು ಓಟವನ್ನು ನಿಂದಿಸಲಿಲ್ಲ. ಆ ಓಟಗಾರನ ಶಿಕ್ಷಣವನ್ನೂ ಮಿತವನ್ನೂ ಮೆಚ್ಚಿಕೊಂಡೇ ಬರೆದನು. ಹಾಗಾದರೆ ನಮ್ಮ ಪ್ರಶ್ನೆಯು ಓಡಬಹುದೋ ಕೂಡದೋ ಎಂಬದಲ್ಲ. ಗೆದ್ದ ಮೇಲೆ ಬರುವ ಹೊಗಳಿಕೆಯನ್ನು ಏನು ಮಾಡಬೇಕೆಂಬದೇ.

ಎಲ್ಲಾ ಮಹಿಮೆಯು ದೇವರಿಗೆ ಎಂದು ಬಾಯಿಂದ ಹೇಳುವದು ಸುಲಭ. ತಲಕಾಡಿನಲ್ಲಿ ಇದಕ್ಕೆ ಒಂದು ಹಳೆಯ ಸಾಕ್ಷಿ ನಿಂತಿದೆ. ಹೊಯ್ಸಳರ ವಿಷ್ಣುವರ್ಧನನು ಚೋಳರಿಂದ ಈ ಪಟ್ಟಣವನ್ನು ಕಿತ್ತುಕೊಂಡು, 1117ರ ಸುಮಾರಿಗೆ ಆ ಜಯದ ಗುರುತಾಗಿ ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದನು. ಹೀಗೆ ಜಯವನ್ನು ತಾನು ನಂಬಿದ ದೇವರಿಗೆ ಒಪ್ಪಿಸಿದನು; ‘ತಲಕಾಡುಗೊಂಡ’ ಎಂಬ ಬಿರುದನ್ನು ಮಾತ್ರ ತಾನೇ ಇಟ್ಟುಕೊಂಡನು. ತರುವಾಯ ಮರಳು ಬಂದು ಗುಡಿಯನ್ನು ಮುಚ್ಚಿತು, ನಮ್ಮ ಕಾಲದವರು ಅದನ್ನು ಅಗೆದು ತೆಗೆಯಬೇಕಾಯಿತು. ಆ ಅರಸನನ್ನು ಹಾಸ್ಯಮಾಡಲು ಇದನ್ನು ಬರೆಯುತ್ತಿಲ್ಲ. ಅವನು ಮಾಡಿದ್ದನ್ನೇ ನಾವು ಅಗ್ಗದ ಕ್ರಯದಲ್ಲಿ ಮಾಡುತ್ತೇವೆ. ಗೆದ್ದ ಆಟಗಾರನು ಮೈದಾನದಲ್ಲಿ ಆಕಾಶದ ಕಡೆಗೆ ಬೆರಳು ತೋರಿಸುತ್ತಾನೆ. ಅದೇ ಕ್ಷಣದ ಚಿತ್ರವು ಸಂಜೆಯೊಳಗೆ ನೂರು ಮೊಬೈಲುಗಳಿಗೆ ಹೋಗಬೇಕು. ದೇವರಿಗೆ ಸ್ತೋತ್ರವೂ ಆಯಿತು, ಭಕ್ತನೆಂಬ ಹೆಸರೂ ಬಂತು. ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರ ವಿಷಯವಾಗಿ ಕರ್ತನು ಹೇಳಿದ ಮಾತು ಮೈದಾನಕ್ಕೂ ತಾಗುವದಲ್ಲವೋ?

ಇದನ್ನು ನೆನಸುತ್ತಿರುವಾಗ ನಮಗೆ ಲಂಡನ್ ಮಿಶನ್ನಿನ ಒಬ್ಬ ಬೋಧಕರ ಚರಿತ್ರೆಯು ಕೈಗೆ ಬಂತು. 1810ರಲ್ಲಿ ಬಳ್ಳಾರಿಗೆ ಬಂದು ವೇದವನ್ನು ಕನ್ನಡಕ್ಕೆ ತಿರುಗಿಸಲು ತೊಡಗಿದ ಜಾನ್ ಹ್ಯಾಂಡ್ಸ್ ಅಯ್ಯನವರನ್ನು ಕಳುಹಿಸಿದ್ದು ಆ ಮಿಶನ್ನೇ. ಇವರ ಹೆಸರು ಎರಿಕ್ ಲಿಡೆಲ್. ಬೋಧಕ ತಂದೆತಾಯಿಗಳಿಗೆ 1902ರಲ್ಲಿ ಚೀನಾದ ಟಿಯೆನ್ಸಿನ್ ಪಟ್ಟಣದಲ್ಲಿ ಹುಟ್ಟಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಓದಿದರು. 1924ರ ಪ್ಯಾರಿಸ್ ಒಲಿಂಪಿಕ್ ಪಂದ್ಯಗಳಲ್ಲಿ 100 ಮೀಟರ್ ಓಟವೇ ಅವರಿಗೆ ಒಗ್ಗಿದ ಓಟ. ಆದರೆ ಅದರ ಮೊದಲ ಸುತ್ತು ಭಾನುವಾರ ಬಿದ್ದಿತ್ತು. ತಿಂಗಳುಗಳ ಮುಂಚೆಯೇ ಇದನ್ನು ತಿಳಿದು, ಓಡುವದಿಲ್ಲವೆಂದು ಹೇಳಿಬಿಟ್ಟರು. ದೇಶದ ಮಾನವನ್ನು ಕಳೆದನೆಂದು ಅವರನ್ನು ಬೈದವರು ಉಂಟು. ಅವರು 200 ಮೀಟರಿನಲ್ಲಿ ಮೂರನೆಯವರಾದರು. ಅಷ್ಟಾಗಿ ರೂಢಿಯಿಲ್ಲದ 400 ಮೀಟರನ್ನು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನದ ಪದಕವನ್ನು ಪಡೆದರು.

ಇಷ್ಟು ಸಂಗತಿಯನ್ನು ಬೋಧಕರು ಪೀಠದಿಂದ ಎಷ್ಟೋ ಸಾರಿ ಹೇಳಿದ್ದಾರೆ. 1981ರಲ್ಲಿ ಇದು ಚಲನಚಿತ್ರವೂ ಆಯಿತು. ಹೇಳುವವರು ಸಾಧಾರಣವಾಗಿ ಚಿನ್ನದ ಪದಕದ ಹತ್ತಿರ ನಿಲ್ಲಿಸುತ್ತಾರೆ: ನೋಡಿರಿ, ದೇವರನ್ನು ಸನ್ಮಾನಿಸಿದವನನ್ನು ದೇವರು ಸನ್ಮಾನಿಸಿದನು! ಆ ದಿನ ಓಟಕ್ಕೆ ಮೊದಲು ಲಿಡೆಲ್ ಅವರ ಕೈಗೆ ಬಂದ ಒಂದು ಚೀಟಿಯಲ್ಲಿಯೂ ಈ ಅರ್ಥದ ವಾಕ್ಯವೇ ಇತ್ತು. ಆದರೆ ಆ ವಾಕ್ಯವು ವೇದದಲ್ಲಿ ಎಲ್ಲಿದೆ ಎಂದು ತೆಗೆದು ನೋಡಿರಿ. ಸಮುವೇಲನ ಮೊದಲನೆಯ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಅದು ಯಾಜಕನಾದ ಏಲಿಗೆ ಹೇಳಿದ ಗದರಿಕೆ. ಅವನ ತಪ್ಪೇನಂದರೆ, ದೇವರಿಗಿಂತ ತನ್ನ ಮಕ್ಕಳನ್ನು ಹೆಚ್ಚಾಗಿ ಸನ್ಮಾನಿಸಿದ್ದು. ಅದು ಗೆದ್ದವರಿಗೆ ಬರೆದ ಬಹುಮಾನದ ಪತ್ರವಲ್ಲ. ಮಗನ ಪದಕವನ್ನು ಹಿಡಿದುಕೊಂಡು ಬರುವ ತಂದೆಗೂ ಅದನ್ನು ಎತ್ತಿ ತೋರಿಸುವ ಉಪದೇಶಿಗೂ ಬರೆದಂತಿದೆ. ಓಟದಲ್ಲಿ ಲಿಡೆಲ್ ಸೋತಿದ್ದರೆ ಭಾನುವಾರದ ಅವರ ನಿರ್ಣಯವು ಒಂದು ಗುಲಗಂಜಿಯಷ್ಟಾದರೂ ಕಡಿಮೆಯಾಗುತ್ತಿತ್ತೋ? ಕಡಿಮೆಯಾಗುವದಾದರೆ ನಾವು ಪೂಜಿಸಿದ್ದು ಪದಕವನ್ನೇ.

ಪೀಠದಿಂದ ಹೇಳದ ಉತ್ತರಭಾಗವು ನಮಗೆ ಹೆಚ್ಚು ಅಮೂಲ್ಯವಾಗಿ ತೋರುತ್ತದೆ. ಪದಕ ಬಂದ ಮರುವರುಷವೇ, ಅಂದರೆ 1925ರಲ್ಲಿ, ಅವರು ಟಿಯೆನ್ಸಿನ್ನಿಗೆ ಮಿಶನರಿಯಾಗಿ ಹೊರಟುಹೋದರು. ಯುದ್ಧವು ಬಂದಾಗ 1941ರಲ್ಲಿ ಹೆಂಡತಿಮಕ್ಕಳನ್ನು ಕೆನಡಾಕ್ಕೆ ಕಳುಹಿಸಿ ತಾವು ಅಲ್ಲಿಯೇ ಉಳಿದರು. ಆ ಮೇಲೆ ಹುಟ್ಟಿದ ಮೂರನೆಯ ಮಗಳ ಮುಖವನ್ನು ನೋಡಲೇ ಇಲ್ಲ. 1943ರಲ್ಲಿ ಜಪಾನೀಯರು ಅವರನ್ನು ವೈಶಿಯೆನ್ ಎಂಬ ಸೆರೆಶಿಬಿರಕ್ಕೆ ಸೇರಿಸಿದರು. ತಂದೆತಾಯಿಗಳಿಂದ ಅಗಲಿದ ಶಾಲೆಯ ಮಕ್ಕಳು ಅಲ್ಲಿ ಬಹು ಮಂದಿ ಇದ್ದರು. ಲಿಡೆಲ್ ಅವರಿಗೆ ಪಾಠ ಹೇಳಿದರು, ಆಟಗಳನ್ನು ನಡಿಸಿದರು. ಭಾನುವಾರ ಮಾತ್ರ ಆಟವಿಲ್ಲ. ಆದರೆ ಶಿಬಿರದಲ್ಲಿ ಇದ್ದವರು ತರುವಾಯ ತಿಳಿಸಿರುವಂತೆ, ಹೊತ್ತು ಹೋಗದ ಮಕ್ಕಳು ಒಂದು ಭಾನುವಾರ ತಾವೇ ಹಾಕಿ ಆಡಿದರು. ತೀರ್ಪುಗಾರನಿಲ್ಲದೆ ಆಟವು ಹೊಡೆದಾಟವಾಯಿತು. ಆ ಮೇಲೆ ಭಾನುವಾರದ ಮೈದಾನದಲ್ಲಿ ತೀರ್ಪುಗಾರನಾಗಿ ನಿಂತವರು ಲಿಡೆಲ್ ಅವರೇ.

ಪ್ರಿಯರೇ, ಇಲ್ಲಿ ತಡೆದು ಯೋಚಿಸೋಣ. ಲೋಕದಲ್ಲಿ ಅವರಿಗಿದ್ದ ಹೆಸರೇ ‘ಭಾನುವಾರ ಓಡದವನು’ ಎಂಬದು. ಪ್ಯಾರಿಸಿನಲ್ಲಿ ಅವರು ಪದಕದ ಆಸೆಯನ್ನು ಬಿಟ್ಟರು. ಪದಕವನ್ನು ಬಿಟ್ಟದ್ದರಿಂದ ಬಂದ ಕೀರ್ತಿಯನ್ನೂ ವೈಶಿಯೆನ್ನಿನಲ್ಲಿ, ಕೆಲವು ಮಕ್ಕಳ ಜಗಳದ ನಿಮಿತ್ತ, ಬಿಟ್ಟುಕೊಟ್ಟರು. ಎರಡನೆಯದು ಮೊದಲನೆಯದಕ್ಕಿಂತ ಕಠಿನವೆಂದು ನಮ್ಮ ಅಭಿಪ್ರಾಯ. ಯಾಕಂದರೆ ಹೊಗಳಿಕೆಯನ್ನು ಬಿಟ್ಟವನೆಂಬ ಹೊಗಳಿಕೆಯೇ ಎಲ್ಲಾದಕ್ಕಿಂತ ಸಿಹಿಯಾದದ್ದು, ಅದು ಭಕ್ತಿಯ ವೇಷದಲ್ಲಿ ಬರುತ್ತದೆ. (ಭಾನುವಾರ ಕ್ರಿಕೆಟ್ ಪಂದ್ಯಕ್ಕಾಗಿ ಆರಾಧನೆಯನ್ನು ತಪ್ಪಿಸುವ ತರುಣರು ಈ ಸಂಗತಿಯನ್ನು ತಮ್ಮ ನೆಪವಾಗಿ ಹಿಡಿದುಕೊಂಡು ನಮ್ಮ ಬಳಿಗೆ ಬರಬಾರದಾಗಿ ಕೇಳಿಕೊಳ್ಳುತ್ತೇವೆ.)

1945ನೆಯ ಫೆಬ್ರವರಿ 21ರಲ್ಲಿ ಮಿದುಳಿನ ಗಡ್ಡೆಯಿಂದ ಅವರು ತೀರಿಕೊಂಡರು. ಆಗ 43 ವರುಷ. ಸಮಾಧಿಯ ಮೇಲಿನ ಮರದ ಶಿಲುಬೆಯಲ್ಲಿ ಹೆಸರನ್ನು ಬೂಟಿನ ಪಾಲಿಶಿನಿಂದ ಬರೆದರು. ಅದಕ್ಕೆ ಸ್ವಲ್ಪ ದಿನಗಳ ಮುಂಚೆ, ಚಳಿಗಾಲದಲ್ಲಿ ಕೆರವು ಸವೆದುಹೋಗಿದ್ದ ಒಬ್ಬ ಹುಡುಗನಿಗೆ ತಮ್ಮ ಹಳೆಯ ಓಟದ ಬೂಟುಗಳನ್ನು ಸರಿಪಡಿಸಿ ಕೊಟ್ಟಿದ್ದರು. ಆ ಹುಡುಗನು ದೊಡ್ಡವನಾಗಿ, ತನ್ನನ್ನು ಸೆರೆಯಲ್ಲಿಟ್ಟ ಜಪಾನಿನವರಿಗೇ ಸುವಾರ್ತೆಯನ್ನು ಸಾರಲು ಹೋದನು.

ಬೂಟುಗಳ ಸಂಗತಿಯನ್ನು ಓದಿದಾಗ ನಮಗೆ ಥಟ್ಟನೆ ನೆನಪಾದದ್ದು ಆ ಕ್ರೀಡಾಕೂಟದ ಸಂಜೆ. ಗೆದ್ದವನನ್ನು ಜನರು ಹೆಗಲ ಮೇಲೆ ಹೊತ್ತುಕೊಂಡು ಹೋಗಿದ್ದರು. ಅವನ ಚಪ್ಪಲಿಗಳೂ ಚೀಲವೂ ಗೆರೆಯ ಹತ್ತಿರ ಬಿದ್ದಿದ್ದವು. ಅವುಗಳನ್ನು ಹುಡುಕಿ ತೆಗೆದು, ನರಸೀಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದವನು ನಾಲ್ಕನೆಯವನಾಗಿ ಬಂದ ಹುಡುಗನು. ನಾವು ಅದೇ ಬಸ್ಸಿನಲ್ಲಿದ್ದೆವು, ಕಣ್ಣಿಂದ ಕಂಡಿದ್ದೆವು. ಆದರೂ ಭಾನುವಾರ ಸಭೆಯ ಮುಂದೆ ಎತ್ತಿ ಹಿಡಿದದ್ದು ಪದಕವನ್ನು.

ಇದನ್ನೆಲ್ಲಾ ಮೊನ್ನೆ ಆ ಹುಡುಗನಿಗೆ ಹೇಳಿದೆವು. ಚಪ್ಪಲಿಯ ಮಾತು ಬಂದಾಗ ಅವನು ನಾಚಿಕೊಂಡು, ಅದು ದಾರಿಯಲ್ಲಿಯೇ ಬಿದ್ದಿತ್ತು ಅಯ್ಯನವರೇ, ಎಂದನು. ಈ ವರುಷ ಇಬ್ಬರೂ ಮತ್ತೆ ಓಡುತ್ತಾರೆ, ಮುಂಜಾನೆ ಮರಳಿಗೆ ಕೂಡಿಯೇ ಹೋಗುತ್ತಾರೆ. ಪದಕ ಬಂದರೂ ಬಾರದಿದ್ದರೂ ಇಬ್ಬರ ಹೆಸರನ್ನೂ ಹೇಳಿ ಸ್ತೋತ್ರ ಮಾಡುವದೆಂದೂ, ಪದಕವು ಮನೆಯಲ್ಲಿಯೇ ಇರತಕ್ಕದ್ದೆಂದೂ ಹಿರಿಯರ ಕೂಟದಲ್ಲಿ ಗೊತ್ತುಮಾಡಿದ್ದೇವೆ. ಗೆದ್ದವನ ತಂದೆಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ.