ಕ್ಷಣ, ಕ್ರಮ ಮತ್ತು ಟೈಮ್‌ಕೋಡ್

ಕಾಲವು ತಾನೇ ಒಂದು ವಸ್ತುವೋ, ವಸ್ತುಗಳನ್ನು ಎಣಿಸಲು ಬುದ್ಧಿ ಮಾಡಿಕೊಂಡ ಏರ್ಪಾಡೋ ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಬಹಳ ಹಳೆಯದು. ವೈಶೇಷಿಕರು ಕಾಲವನ್ನು ಒಂಬತ್ತು ದ್ರವ್ಯಗಳಲ್ಲಿ ಒಂದೆಂದು ಎಣಿಸಿ, ಅದು ಅಖಂಡವೆಂದೂ ಗಳಿಗೆ, ದಿನ, ಮಾಸಗಳೆಂಬ ವಿಭಾಗಗಳು ಸೂರ್ಯಚಲನೆಯಂಥ ಉಪಾಧಿಗಳಿಂದ ತೋರುವಂಥವೆಂದೂ ವಾದಿಸಿದರು. ಯೋಗಸೂತ್ರದ ಮೂರನೆಯ ಪಾದದಲ್ಲಿ ಕ್ಷಣವನ್ನೂ ಅದರ ಕ್ರಮವನ್ನೂ ಹೇಳುವ ಸೂತ್ರಕ್ಕೆ ಬರೆದ ವ್ಯಾಸಭಾಷ್ಯದ ನಿಲುವು ಇದಕ್ಕೆ ತಿರುಗುಮುರುಗಾದುದು: ಕ್ಷಣವೇ ನಿಜ, ಎರಡು ಕ್ಷಣಗಳು ಎಂದೂ ಒಟ್ಟಿಗೆ ಇರಲಾರವಾದ್ದರಿಂದ ಮುಹೂರ್ತ, ಹಗಲು, ರಾತ್ರಿ ಎಂಬ ಕೂಟಗಳು ಬುದ್ಧಿಯ ನಿರ್ಮಾಣ ಮಾತ್ರ.

ಈ ವಾದವನ್ನು ಇಂದಿನ ವಿಡಿಯೊ ಕೆಲಸವೊಂದರಲ್ಲಿ ಇಟ್ಟು ನೋಡಬಹುದು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಊರುಗಳಲ್ಲಿ ಮಠ, ಗುಡಿಗಳ ಅಂಗಳದಲ್ಲಿ ದಿನಗಟ್ಟಲೆ ಪ್ರವಚನ ನಡೆಸುವ ರೂಢಿಯಿದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ತಮಗೆ ಸ್ಮಾರಕ ಬೇಡವೆಂದು ಮೊದಲೇ ಬರೆದಿಟ್ಟು 2023ರ ಜನವರಿ 2ರಂದು ದೇಹ ಬಿಟ್ಟ ಮೇಲೆ, ಪುಸ್ತಕಗಳ ಜೊತೆಗೆ ಪ್ರವಚನದ ಧ್ವನಿಮುದ್ರಣ ಮತ್ತು ವಿಡಿಯೊಗಳೇ ಭಕ್ತರ ಪಾಲಿಗೆ ಅವರ ಮಾತಿನ ಆಸರೆಯಾಗಿವೆ. ಇಂಥ ಪ್ರವಚನಗಳ ಹಳೆಯ ಕ್ಯಾಸೆಟ್ಟಿನಿಂದ ಡಿಜಿಟಲ್ ಕಡತವಾಗಿ ತೆಗೆದಿಟ್ಟ ದೃಶ್ಯವನ್ನು ಇಂದಿನ ಮೊಬೈಲಿನಲ್ಲಿ ಕಾಣಿಸುವಂತೆ ಬೇರೊಂದು ರೂಪಕ್ಕೆ ಇಳಿಸುವ ಕೆಲಸಕ್ಕೆ ಟ್ರಾನ್ಸ್‌ಕೋಡಿಂಗ್ ಎನ್ನುತ್ತಾರೆ. ವಿಡಿಯೊ ಎಂಬುದು ಒಂದರ ಹಿಂದೊಂದು ಬರುವ ನಿಶ್ಚಲ ಚಿತ್ರಗಳ, ಅಂದರೆ ಫ್ರೇಮುಗಳ ಸಾಲು. ಭಾರತದ ಪ್ರಸಾರ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು. ಪ್ರತಿ ಫ್ರೇಮಿಗೂ ಗಂಟೆ, ನಿಮಿಷ, ಸೆಕೆಂಡು, ಫ್ರೇಮು ಎಂಬ ನಾಲ್ಕು ಜೋಡಿ ಅಂಕಿಗಳಲ್ಲಿ ಹಚ್ಚಿದ ವಿಳಾಸವೇ ಟೈಮ್‌ಕೋಡ್. ಫ್ರೇಮನ್ನು ಕ್ಷಣವೆಂದೂ ಸಾಲನ್ನು ಕ್ರಮವೆಂದೂ ಟೈಮ್‌ಕೋಡನ್ನು ಬುದ್ಧಿನಿರ್ಮಿತ ಕಾಲವೆಂದೂ ಇಟ್ಟುಕೊಂಡರೆ ಭಾಷ್ಯಕಾರನ ಮಾತನ್ನು ಇಲ್ಲಿ ಕಣ್ಣಾರೆ ಪರೀಕ್ಷಿಸಬಹುದು.

ಅಮೆಜಾನಿನ ಮೀಡಿಯಾಕನ್ವರ್ಟ್‌ನಂಥ ಸೇವೆಯಲ್ಲಿ ಈ ಅಂಕಿಯ ಮೂಲವನ್ನು ಮೂರು ಬಗೆಯಲ್ಲಿ ಗೊತ್ತುಪಡಿಸಬಹುದು: ಮೂಲ ವಿಡಿಯೊದಲ್ಲಿ ಅಡಕವಾಗಿರುವುದನ್ನೇ ಉಳಿಸುವುದು, ಸೊನ್ನೆಯಿಂದ ಆರಂಭಿಸುವುದು, ಇಲ್ಲವೇ ಕೆಲಸಗಾರ ಹೇಳಿದ ಹೊತ್ತಿನಿಂದ ಆರಂಭಿಸುವುದು. ಗಡಿಯಾರಕ್ಕೆ ಹೊಂದಿಸಿದ ಕ್ಯಾಮೆರಾ ಬೆಳಗಿನ ಪ್ರವಚನವನ್ನು 06:30:00:00ರಿಂದ ದಾಖಲಿಸಿತ್ತೆನ್ನಿ. ಸೊನ್ನೆಯನ್ನು ಆರಿಸಿದೊಡನೆ ಅದೇ ಫ್ರೇಮು 00:00:00:00 ಆಗುತ್ತದೆ, ಬೆಳಗಿನ ಹೊತ್ತಿನ ಸಾಕ್ಷ್ಯ ಅಳಿಯುತ್ತದೆ, ಚಿತ್ರದಲ್ಲಿ ಮಾತ್ರ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಇನ್ನೂ ವಿಚಿತ್ರವೆಂದರೆ, ಒಂದೇ ಕೆಲಸದಲ್ಲಿ ಒಳಬರುವ ವಿಡಿಯೊಗೆ ಒಂದು ಕಾಲವೂ ಹೊರಹೋಗುವುದಕ್ಕೆ ಇನ್ನೊಂದು ಕಾಲವೂ ಇರುತ್ತವೆ. ಎಲ್ಲಿಂದ ಎಲ್ಲಿಯವರೆಗೆ ಕತ್ತರಿಸಬೇಕೆಂಬುದನ್ನು ಒಳಬರುವುದರ ಕಾಲದಲ್ಲೇ ಹೇಳಬೇಕು. ಇಡೀ ಕೆಲಸಕ್ಕೆ ಹಾಕಿದ ಟೈಮ್‌ಕೋಡ್ ನಿಯಮ ಕತ್ತರಿಗೆ ತಾಗುವುದಿಲ್ಲ. ಇದನ್ನರಿಯದವನು ಒಳಬರುವುದಕ್ಕೆ ಮೂಲದ ಅಂಕಿಯನ್ನೇ ಉಳಿಸಿ, ಆರೂವರೆಗೆ ಶುರುವಾಗುವ ದೃಶ್ಯದ ಹತ್ತನೆಯ ನಿಮಿಷವನ್ನು 00:10:00:00 ಎಂದು ಕೇಳಿದರೆ, ಆ ವಿಡಿಯೊದಲ್ಲಿ ಎಂದೂ ಇಲ್ಲದಿದ್ದ ಹೊತ್ತನ್ನು ಕೇಳಿದಂತಾಗುತ್ತದೆ. ಹೀಗೆ ನೋಡಿದರೆ ಬುದ್ಧಿನಿರ್ಮಿತ ಎಂದರೆ ಹುಸಿ ಎಂದರ್ಥವಲ್ಲ. ಅಂಕಿ ವಸ್ತುವಿನಲ್ಲಿ ಇಲ್ಲದಿದ್ದರೂ ವ್ಯವಹಾರವನ್ನು ಕಟ್ಟಿಹಾಕುವ ಬಲ ಅದಕ್ಕಿದೆ.

ಅಮೆರಿಕದ ಪದ್ಧತಿಯ ಡ್ರಾಪ್ ಫ್ರೇಮ್ ಎಂಬ ಏರ್ಪಾಡಿನಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಸೆಕೆಂಡಿಗೆ ಸುಮಾರು 29.97 ಫ್ರೇಮುಗಳು ಓಡಿದರೂ ಎಣಿಕೆ 30ರ ಲೆಕ್ಕದ್ದಾದ್ದರಿಂದ ಗಂಟೆಗೆ ಸುಮಾರು 3.6 ಸೆಕೆಂಡಿನ ವ್ಯತ್ಯಾಸ ಬೀಳುತ್ತದೆ. ಅದನ್ನು ಸರಿಪಡಿಸಲು ಪ್ರತಿ ನಿಮಿಷದ ಆರಂಭದಲ್ಲಿ 00 ಮತ್ತು 01 ಎಂಬ ಎರಡು ಸಂಖ್ಯೆಗಳನ್ನು ಹಾರಿಸಿ, ಹತ್ತರಿಂದ ಭಾಗವಾಗುವ ನಿಮಿಷಗಳಲ್ಲಿ ಮಾತ್ರ ಹಾಗೆಯೇ ಬಿಡುತ್ತಾರೆ. ಗಂಟೆಗೆ 108 ಸಂಖ್ಯೆಗಳು ಹೋಗುತ್ತವೆ, ಒಂದು ಫ್ರೇಮೂ ಹೋಗುವುದಿಲ್ಲ. ಪಂಚಾಂಗ ನೋಡುವವರಿಗೆ ಇದು ಹೊಸದಲ್ಲ: ಒಂದು ಸೂರ್ಯೋದಯದ ಬಳಿಕ ಹುಟ್ಟಿ ಮುಂದಿನ ಸೂರ್ಯೋದಯದೊಳಗೆ ಮುಗಿದುಹೋಗುವ ತಿಥಿ ಯಾವ ದಿನಕ್ಕೂ ಹೆಸರಾಗದೆ ಕ್ಷಯ ತಿಥಿ ಎನಿಸಿಕೊಳ್ಳುತ್ತದೆ, ಆದರೆ ರೈತನಿಗೆ ಉಳುವ ದಿನವೊಂದೂ ಕಡಿಮೆಯಾಗುವುದಿಲ್ಲ.

ಹೆಸರು ಬದಲಾದರೂ ವಸ್ತು ಬದಲಾಗದು ಎಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಬಾಗೇವಾಡಿಯ ನೆಲಕ್ಕೇ ಸಂಬಂಧಿಸಿದ ವಚನಗಳ ಇತಿಹಾಸ ಅಷ್ಟು ಸುಲಭದ ಉತ್ತರ ಕೊಡುವುದಿಲ್ಲ. ಹನ್ನೆರಡನೆಯ ಶತಮಾನದ ವಚನಗಳಲ್ಲಿ ಯಾರು ಹೇಳಿದರೆಂಬುದನ್ನು ತಿಳಿಸುವ ಅಂಕಿತವಿದೆ, ಯಾವಾಗ ಹೇಳಿದರೆಂಬ ಗುರುತಿಲ್ಲ. ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನೂ ಆತನ ಬಳಿಕ ಬಂದ ಸಂಪಾದನಕಾರರೂ ಆ ವಚನಗಳನ್ನು ಅಲ್ಲಮನನ್ನು ನಡುವೆ ಇರಿಸಿದ ಸಂವಾದವಾಗಿ ಜೋಡಿಸಿ ಶೂನ್ಯಸಂಪಾದನೆಯನ್ನು ಕಟ್ಟಿದರು. ಇದು ಕಾಲವಿಲ್ಲದ ಮಾತಿಗೆ ಕ್ರಮವನ್ನು ಗೊತ್ತುಪಡಿಸಿದ ಕೆಲಸ, ಮತ್ತು ಓದುಗರು ಆ ಕ್ರಮವನ್ನೇ ಅನುಭವ ಮಂಟಪದಲ್ಲಿ ನಡೆದ ಘಟನೆಯೆಂದು ನಂಬುವಷ್ಟು ಸಮರ್ಥವಾದ ಕೆಲಸ. ಹಾಗಿದ್ದರೂ ಬಿಡಿ ವಚನಗಳ ತಾಡೋಲೆ ಕಟ್ಟುಗಳು ಬೇರೆಯಾಗಿ ಉಳಿದಿದ್ದರಿಂದಲೇ ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿ ವಚನಗಳನ್ನು ಮತ್ತೊಂದು ಕ್ರಮದಲ್ಲಿ ಓದುಗರ ಮುಂದಿಡಲು ಸಾಧ್ಯವಾಯಿತು. ಪ್ರವಚನದ ವಿಡಿಯೊವನ್ನು ಸೊನ್ನೆಗಿಳಿಸಿ ಮೂಲ ಕ್ಯಾಸೆಟ್ಟನ್ನು ಬಿಸಾಡಿದ ಕಡೆ, ಆ ಬೆಳಗಿನ ಯಾವ ಹೊತ್ತಿಗೆ ಯಾವ ಮಾತು ಬಂತೆಂದು ಮುಂದೆ ಕೇಳುವವನಿಗೆ ಹಿಂದಿರುಗಿ ನೋಡಲು ಅಂಥ ಕಟ್ಟು ಇರುವುದಿಲ್ಲ.